ಅಂಗೈಯಲ್ಲಿನ ಪಾಠ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂದು ಪೂರ್ವಿಕರು ಹೇಳುತ್ತ ಬಂದಿರುವರಷ್ಟೆ. ಆ ಮಾತಿನಲ್ಲಿರುವ ಮುಖಶಬ್ದಕ್ಕೆ ಬಾಯಿಯೆಂದೇ ಜನರು ಸಾಧಾರಣವಾಗಿ ಅರ್ಥಮಾಡಿಕೊಳ್ಳುವರು. ಗುರುವಿನ ಬಾಯಿಂದ ಹೊರಟುದು ಶಿಷ್ಯನ ಕಿವಿಯನ್ನು ಮುಟ್ಟಿದರೆ ಪಾಠವು ಮುಗಿಯಿತೆಂದು ತಿಳಿಯುವರು. ಆದರೆ ಆ ಶಬ್ದಕ್ಕೆ ಮೋರೆಯೆಂಬ ಅರ್ಥವೂ ಉಂಟು. ಪಾಠ ಹೇಳುವವನಿಗೆ ತನ್ನ ಬಾಯಿ ಎಷ್ಟು ಅವಶ್ಯವೋ ಕೇಳುವವನ ಮೋರೆಯೂ ಅಷ್ಟೇ ಅವಶ್ಯ. ಉತ್ತರಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸರಕಾರಿ ಕಾಲೇಜೊಂದರಲ್ಲಿ ಕನ್ನಡವನ್ನು ಕಲಿಸುತ್ತಿದ್ದ ಅಧ್ಯಾಪಕರೊಬ್ಬರಿಗೆ ಈ ಎರಡನೆಯ ಅರ್ಥವು ಮನದಟ್ಟಾದುದು, ಮೋರೆಗಳೆಲ್ಲ ಒಮ್ಮೆಲೇ ಕಣ್ಮರೆಯಾದ 2020ನೆಯ ಇಸವಿಯಲ್ಲಿ.

ಅವರಿಗೆ ಆಗ ಐವತ್ತೆರಡು ವರುಷ. ಹಳಗನ್ನಡದ ಪಾಠವನ್ನು ಇಪ್ಪತ್ತನಾಲ್ಕು ವರುಷಗಳಿಂದ ಹೇಳುತ್ತ ಬಂದವರು. ತಾರುಣ್ಯದಲ್ಲಿ ಅವರಿಗೆ ಪಾಠಹೇಳಿದ ವೃದ್ಧ ಪಂಡಿತರು ಪುಸ್ತಕವನ್ನು ಮುಚ್ಚಿಟ್ಟುಕೊಂಡೇ ಪಂಪಭಾರತವನ್ನು ವ್ಯಾಖ್ಯಾನಿಸುತ್ತಿದ್ದರು. ಅದೇ ಪದ್ಧತಿಯನ್ನು ಇವರೂ ಬಿಡದೆ ಹಿಡಿದುಕೊಂಡಿದ್ದರು. ಯಂತ್ರಗಳ ಮೇಲೆ ಇವರಿಗೆ ದ್ವೇಷವಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಮೊಬೈಲ್ ಫೋನಿನಿಂದ ಆಗುತ್ತಿದ್ದ ಉಪಯೋಗ ಎರಡೇ: ಬೆಂಗಳೂರಿನಲ್ಲಿದ್ದ ಮಗಳ ಕ್ಷೇಮಸಮಾಚಾರ, ಶಿರಸಿ ಪೇಟೆಯ ಅಡಕೆಯ ಧಾರಣೆ.

ಆ ವರುಷದ ಮಾರ್ಚಿ ತಿಂಗಳ ನಡುವಿನಲ್ಲಿ ಕೋವಿಡ್ ರೋಗದ ಭಯದಿಂದ ಕಾಲೇಜುಗಳು ಬಾಗಿಲು ಹಾಕಿದುವು. 25ನೆಯ ತಾರೀಖಿನಿಂದ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತಿತು. ಪಾಠಗಳು ಮಾತ್ರ ನಿಲ್ಲಕೂಡದು, ಆನ್‌ಲೈನ್ ಮೂಲಕ ನಡೆಯತಕ್ಕದ್ದೆಂದು ಮೇಲಿನಿಂದ ಸೂಚನೆ ಬಂದಿತು. ಅಧ್ಯಾಪಕರು ಮಾಳಿಗೆಯ ಕಿಟಕಿಯ ಬಳಿ ನೆಟ್‌ವರ್ಕ್ ಅಷ್ಟಿಷ್ಟು ಸಿಕ್ಕುವ ಜಾಗವನ್ನು ಹುಡುಕಿ, ಹಳೆಯ ಟ್ರಂಕಿನ ಮೇಲೆ ಎರಡು ನಿಘಂಟುಗಳನ್ನು ಪೇರಿಸಿ, ಅವುಗಳಿಗೆ ಫೋನನ್ನು ಒರಗಿಸಿ, ಗೂಗಲ್ ಮೀಟಿನಲ್ಲಿ ಮೊದಲ ಪಾಠವನ್ನು ಆರಂಭಿಸಿದರು. ಪಟ್ಟಿಯಲ್ಲಿದ್ದ ಹೆಸರುಗಳು ಅರುವತ್ತೊಂದು, ಬಂದವರು ಇಪ್ಪತ್ತಮೂರು. ಬಂದವರಾದರೂ ಹೇಗೆ ಬಂದರು? ಒಂದೊಂದು ಕಪ್ಪು ಚೌಕದ ನಡುವೆ ಒಂದೊಂದು ಇಂಗ್ಲಿಷ್ ಅಕ್ಷರವಾಗಿ. ಕರ್ಣನ ಪ್ರಸಂಗವನ್ನು ಎತ್ತಿಕೊಂಡು ಮೂವತ್ತೆಂಟು ನಿಮಿಷ ಎಡೆಬಿಡದೆ ಹೇಳಿ, ಕೊನೆಗೆ "ತಿಳಿಯಿತೆ?" ಎಂದು ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಿದರು. ಆಗ ಹುಡುಗನೊಬ್ಬನ ದನಿ ಹೆದರಿಕೆಯಿಂದ ಬಂದಿತು: "ಸರ್, ನಿಮ್ಮ ಮೈಕು ಮೊದಲಿಂದಲೂ ಬಂದ್ ಇದೆ. ಎಲ್ಲರೂ ಬರೆದು ತಿಳಿಸಿದೆವು." ಆ ಬರವಣಿಗೆ ಯಾವ ಮೂಲೆಯಲ್ಲಿ ಕಾಣಿಸುವುದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಅಂತೂ ಆ ದಿನ ಕರ್ಣನು ಮೂಕನಾಗಿಯೇ ಯುದ್ಧಮಾಡಿದ್ದನು. ತರಗತಿಯ ಕೋಣೆಯಾಗಿದ್ದರೆ ಮೊದಲ ನಿಮಿಷದಲ್ಲಿಯೇ ಮೋರೆಗಳು ಈ ಸುದ್ದಿಯನ್ನು ಹೇಳಿಬಿಡುತ್ತಿದ್ದುವು.

ಕಾಲೇಜಿನ ಅಧ್ಯಾಪಕನು ಯಂತ್ರದೆದುರು ಕುಳಿತು ಮಾತನಾಡುವುದು ಕನ್ನಡನಾಡಿಗೆ ಹೊಸತೇನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ತೆರೆದರು. ಆಕಾಶವಾಣಿಯೆಂಬ ಅದರ ಹೆಸರು ಮುಂದೆ ದೇಶದ ರೇಡಿಯೋ ವ್ಯವಸ್ಥೆಗೇ ಸಂದಿತು. 1975ನೆಯ ಆಗಸ್ಟಿನಿಂದ ಒಂದು ವರುಷದ ಕಾಲ ಅಮೆರಿಕೆಯ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದಾಗ ಬಿಜಾಪುರ, ಗುಲಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. 1984ರಲ್ಲಿ ಯು.ಜಿ.ಸಿ.ಯು ದೂರದರ್ಶನದಲ್ಲಿ ಕಾಲೇಜಿನ ಮಕ್ಕಳಿಗಾಗಿಯೇ ಪಾಠಗಳನ್ನು ತೊಡಗಿಸಿತು. 2004ನೆಯ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ಎಡುಸ್ಯಾಟ್ ಉಪಗ್ರಹವಂತೂ ವಿದ್ಯಾಭ್ಯಾಸಕ್ಕೆಂದೇ ಮೀಸಲಾದುದು. ಅದರ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲುಗೊಂಡಿತ್ತು. ಈ ಏರ್ಪಾಡುಗಳು ಬಹುಮಟ್ಟಿಗೆ ಮೇಲಿನಿಂದ ಸುರಿಯುವ ಮಳೆಯಂತಹವು. ಕೆರೆಯು ತುಂಬಿತೋ ಇಲ್ಲವೋ ಎಂಬುದನ್ನು ಮೋಡವು ವಿಚಾರಿಸುವುದಿಲ್ಲ. ವಾಟ್ಸಾಪಿನಂತಹ ಸಾಧನದಲ್ಲಿ ಹೊಸದಾಗಿ ಬಂದ ವಿಶೇಷವೇನೆಂದರೆ, ಕೇಳುವವನೂ ತನಗೆ ಅನುಕೂಲವಾದ ಹೊತ್ತಿನಲ್ಲಿ ತಿರುಗಿ ಮಾತನಾಡಬಲ್ಲನು ಎಂಬುದು. ಇದರ ಬೆಲೆಯು ಅಧ್ಯಾಪಕರಿಗೆ ಮಳೆಗಾಲ ಹಿಡಿದ ಮೇಲೆ ತಿಳಿಯಿತು.

ಘಟ್ಟದ ಮೇಲಣ ಮಳೆಗಾಲವನ್ನು ಕಂಡವರಿಗೆ ವಿವರಣೆ ಬೇಡ. ಜೂನ್ ಬಂದಿತೆಂದರೆ ಮರ ಬಿದ್ದು ವಿದ್ಯುತ್ತು ಹೋಗುವುದು. ವಿದ್ಯುತ್ತಿನ ಹಿಂದೆಯೇ ಟವರಿನ ಉಸಿರೂ ನಿಲ್ಲುವುದು. ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಬೆಟ್ಟದ ನೆತ್ತಿಗೆ ಹೋಗಿ, ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಕುಳಿತು ಪಾಠ ಕೇಳಿದ ಚಿತ್ರಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದುವು. ನೋಡಿದವರು ಅದನ್ನು ವಿದ್ಯಾಸಕ್ತಿಯೆಂದು ಕೊಂಡಾಡಿದರು. ಸೂರಿಲ್ಲದ ಶಾಲೆಯನ್ನು ಯಾರೂ ಹಾಗೆ ಕೊಂಡಾಡುವುದಿಲ್ಲ. ಒಂದು ಗಂಟೆಯ ಮುಖಾಮುಖಿ ಪಾಠಕ್ಕೆ ನೂರಾರು ಎಂ.ಬಿ. ಖರ್ಚಾಗುವುದು, ಮನೆಗೊಂದೇ ಫೋನಿದ್ದು ಮಕ್ಕಳು ಮೂವರಿದ್ದರೆ ದಿನದ ಪಾಲು ಮಧ್ಯಾಹ್ನಕ್ಕೆ ಮೊದಲೇ ತೀರಿಹೋಗುವುದು. ಇದರ ಮೇಲೆ, ಪಾಠ ನಡೆದುದಕ್ಕೆ ಸಾಕ್ಷಿಯಾಗಿ ಪರದೆಯ ಚಿತ್ರವನ್ನು ತೆಗೆದು ಪ್ರತಿದಿನ ವರದಿಯೊಡನೆ ಕಳುಹಿಸಬೇಕಾಗಿತ್ತು. ಕಪ್ಪು ಚೌಕಗಳ ಆ ಚಿತ್ರಗಳನ್ನು ಯಾರಾದರೂ ಬಿಡಿಸಿ ನೋಡಿರಬಹುದೆಂದು ನಂಬುವುದು ಕಷ್ಟ.

ಹದಿನೈದು ದಿನ ಹೀಗೆ ಕಷ್ಟಪಟ್ಟು, ಅಧ್ಯಾಪಕರು ಮುಖಾಮುಖಿ ಪಾಠವನ್ನು ವಾರಕ್ಕೊಂದಕ್ಕೆ ಇಳಿಸಿದರು. ಅದಕ್ಕೆ ಬದಲಾಗಿ ದಿನವೂ ಬೆಳಗಿನ ಆರು ಗಂಟೆಗೆ ನಾಲ್ಕು ನಿಮಿಷದ ಧ್ವನಿಯನ್ನು ವಾಟ್ಸಾಪ್ ಗುಂಪಿಗೆ ಹಾಕತೊಡಗಿದರು. ಅಷ್ಟು ಧ್ವನಿಗೆ ಒಂದು ಎಂ.ಬಿ.ಯೂ ಹಿಡಿಯದು, ನೆಟ್‌ವರ್ಕ್ ಒಂದು ಕ್ಷಣ ಬಂದುಹೋದರೂ ಅದು ಇಳಿದು ಫೋನಿನಲ್ಲಿ ಉಳಿಯುವುದು. ನಾಲ್ಕು ನಿಮಿಷದಲ್ಲಿ ಒಂದೇ ಪದ್ಯ: ಮೊದಲು ವೃತ್ತದ ಗತಿಗೆ ತಕ್ಕಂತೆ ಓದು, ಆ ಮೇಲೆ ಪದವಿಭಾಗ, ಅನ್ವಯ, ಅರ್ಥ, ಕಡೆಗೆ ಮತ್ತೊಮ್ಮೆ ಓದು. ಹಳಗನ್ನಡಕ್ಕೆ ಈ ಕ್ರಮವು ಅನಿರೀಕ್ಷಿತವಾಗಿ ಒಗ್ಗಿತು. ಇಪ್ಪತ್ತೊಂದು ಅಕ್ಷರದ ಚಂಪಕಮಾಲೆಯ ಸಾಲನ್ನು ತರಗತಿಯಲ್ಲಿ ಒಮ್ಮೆ ಕೇಳಿದ ಹುಡುಗನಿಗೆ ಅದು ಗದ್ದಲದಂತೆ ತೋರುವುದು. ಹತ್ತು ಸಲ ಕೇಳಿದವನಿಗೆ ನಗಣ, ಜಗಣಗಳ ಹೆಸರು ಗೊತ್ತಿಲ್ಲದಿದ್ದರೂ ನಡಿಗೆ ಗೊತ್ತಾಗುವುದು. ತರಗತಿಯಲ್ಲಿ "ಸರ್, ಇನ್ನೊಮ್ಮೆ" ಎಂದು ಹತ್ತು ಸಲ ಕೇಳುವ ಧೈರ್ಯ ಯಾರಿಗಿದೆ? ಫೋನಿಗೆ ಬೇಸರವಿಲ್ಲ. ಧ್ವನಿಯೊಡನೆ ತಾವೇ ಫೋನಿನಲ್ಲಿ ಅಚ್ಚಿಸಿದ ಪದ್ಯವನ್ನೂ ಟಿಪ್ಪಣಿಯನ್ನೂ ಪಿ.ಡಿ.ಎಫ್. ಮಾಡಿ ಕಳುಹಿಸುತ್ತಿದ್ದರು. ಈ ಟಿಪ್ಪಣಿಯ ಕಥೆ ಮುಂದಿದೆ.

ಎರಡನೆಯ ವರುಷದ ಬಿ.ಎ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯಿದ್ದಳು. ಮೂರು ಸೆಮಿಸ್ಟರುಗಳಲ್ಲಿ ಆಕೆ ಹಾಜರಿಗಲ್ಲದೆ ಬೇರಾವ ಮಾತಿಗೂ ಬಾಯಿ ತೆರೆದವಳಲ್ಲ. ಕಾಡಿನಂಚಿನ ನಾಲ್ಕು ಮನೆಗಳ ಮಜರೆಯಲ್ಲಿ ಆಕೆಯ ಮನೆ. ತಂದೆಯೂ ಅಣ್ಣನೂ ಕೊನೆಗೌಡರು. ಎಂದರೆ ಪರರ ತೋಟಗಳಲ್ಲಿ ಅಡಕೆಮರಗಳನ್ನೇರಿ ಕೊನೆ ಕೊಯ್ಯುವವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಸಿಂಪಡಿಸುವವರು. ಮನೆಯಲ್ಲಿದ್ದುದು ಅಣ್ಣನ ಫೋನೊಂದೇ. ಅದು ಬೆಳಗ್ಗೆ ಅವನೊಡನೆ ಹೊರಟುಹೋಗುವುದು. ಮನೆಯ ಬಳಿ ನೆಟ್‌ವರ್ಕ್ ಇಲ್ಲ. ತೋಟಕ್ಕೆ ಹೋಗುವ ಹಾದಿಯ ಗುಡ್ಡವನ್ನು ದಾಟುವಾಗ ಆ ದಿನದ ಧ್ವನಿಯು ತಾನಾಗಿಯೇ ಇಳಿಯುವುದು. ಹೀಗೆ ಪಂಪನು ಅಣ್ಣನ ಕಿಸೆಯಲ್ಲಿ ದಿನವೆಲ್ಲ ಇದ್ದು, ಅಡಕೆಮರಗಳನ್ನು ಏರಿ ಇಳಿದು, ಸಂಜೆಗೆ ತಂಗಿಯ ಕೈಸೇರುತ್ತಿದ್ದನು. ರಾತ್ರಿ ಕೇಳಿ ಆಕೆ ಏನಾದರೂ ಬರೆದರೆ ಅದು ಮರುದಿನ ಬೆಳಗ್ಗೆ ಗುಡ್ಡವೇರಿದ ಮೇಲೆ ಗುಂಪಿಗೆ ತಲಪುವುದು. ಇವೆಲ್ಲ ಅಧ್ಯಾಪಕರಿಗೆ ಬಹುಕಾಲದ ಅನಂತರ ತಿಳಿದ ಸಂಗತಿಗಳು. ಆಗ ಅವರಿಗೆ ಕಂಡುದು ಇಷ್ಟೆ: ಜುಲೈ ತಿಂಗಳ ಒಂದು ಬೆಳಗ್ಗೆ, ಗುರುತಿಲ್ಲದ ಗಂಡಸಿನ ಹೆಸರಿನ ಸಂಖ್ಯೆಯಿಂದ ಒಂದು ಪ್ರಶ್ನೆ ಬಂದಿತು, ಕೆಳಗೆ ಆಕೆಯ ಹೆಸರಿತ್ತು.

ಪ್ರಶ್ನೆಯು 'ಬಾಳ್' ಎಂಬ ಮಾತನ್ನು ಕುರಿತದ್ದು. ಹಿಂದಿನ ದಿನದ ಧ್ವನಿಯಲ್ಲಿ ಅಧ್ಯಾಪಕರು ಆ ಮಾತಿನೆದುರು ನಿಂತು ವಿಶೇಷ ಎಚ್ಚರಿಕೆಯನ್ನು ಕೊಟ್ಟಿದ್ದರು. ಈಗಿನ ಕನ್ನಡದ ಬಾಳು, ಎಂದರೆ ಜೀವನ, ಎಂದು ಇದನ್ನು ಭ್ರಮಿಸಕೂಡದು. ಹಳಗನ್ನಡದಲ್ಲಿ ಳಕಾರವಿರುವ ಬಾಳ್ ಶಬ್ದಕ್ಕೆ ಖಡ್ಗವೆಂದರ್ಥ, ಎಂದು ವಿವರಿಸಿದ್ದರು. ಟಿಪ್ಪಣಿಯಲ್ಲಿಯೂ ಅದೇ ವಾಕ್ಯವಿತ್ತು. ವಿದ್ಯಾರ್ಥಿನಿಯು ಬರೆದಿದ್ದಳು: "ಸರ್, ತಪ್ಪಿದ್ದರೆ ಕ್ಷಮಿಸಬೇಕು. ಖಡ್ಗವೆಂದರೆ ಅರ್ಥ ಕೂಡುವುದಿಲ್ಲ. ಪುಸ್ತಕದಲ್ಲಿ ಅಕ್ಷರ ಬೇರೆ ಇದೆ." ಜತೆಗೆ ಮುದ್ರಿತ ಪುಟದ ಒಂದು ಚಿತ್ರ, ಅದರ ಮೇಲೆ ಆ ಅಕ್ಷರವನ್ನು ತೋರಿಸುತ್ತಿರುವ ಬೆರಳ ತುದಿ. ಕಾಲೇಜು ಮುಚ್ಚುವ ದಿನ ಗ್ರಂಥಾಲಯದಿಂದ ಒಯ್ದ ಪುಸ್ತಕವು ಹಿಂದಿರುಗಿಸಲು ದಾರಿಯಿಲ್ಲದೆ ಆಕೆಯಲ್ಲಿಯೇ ಉಳಿದಿತ್ತು.

ಅಕ್ಷರವು ನಿಜವಾಗಿಯೂ ಬೇರೆ. ಅದು ೞ, ವ್ಯಾಕರಣದವರು ರಳವೆನ್ನುವ ಅಕ್ಷರ. ಳಕಾರದ ಬಾಳ್ ಕತ್ತಿಯಾದರೆ ೞಕಾರದ ಬಾೞ್ ಜೀವಿಸುವುದು, ಜೀವನ. ಕಾಲಕ್ರಮದಲ್ಲಿ ೞಕಾರವು ಕನ್ನಡಿಗರ ನಾಲಗೆಯಿಂದ ಜಾರಿಹೋಗಿ ಎರಡೂ ಒಂದೇ ರೂಪಕ್ಕೆ ಬಂದುವು. ಕತ್ತಿಯು ಮರೆತುಹೋಯಿತು, ಬಾಳು ಉಳಿಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಅಕ್ಷರದ ವಿಚಾರವನ್ನು ಎತ್ತಿಕೊಂಡಿರುವನು. ಅಧ್ಯಾಪಕರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಪ್ರತಿವರುಷವೂ ಹಲಗೆಯ ಮೇಲೆ ಬರೆದು ಕಲಿಸಿದ ವಿಷಯ. ಹಾಗಾದರೆ ಎಡವಿದುದೆಲ್ಲಿ? ಫೋನಿನ ಕೀಲಿಮಣೆಯಲ್ಲಿ. ಱ, ೞ ಎಂಬ ಎರಡು ಹಳೆಯ ಅಕ್ಷರಗಳಿಗೂ ಯೂನಿಕೋಡಿನಲ್ಲಿ ಸ್ಥಾನವುಂಟು. ಆದರೆ ಅವರು ಬಳಸುತ್ತಿದ್ದ ಕೀಲಿಮಣೆಯ ಮೇಲೆ ಅವು ಕಾಣುತ್ತಿರಲಿಲ್ಲ. ಹೇಗೋ ಹುಡುಕಿ ತಂದು ಅಂಟಿಸಿದರೆ ಕೆಲವರ ಫೋನಿನಲ್ಲಿ ಅಕ್ಷರದ ಬದಲು ಬರಿಯ ಚೌಕವು ತೋರುತ್ತಿತ್ತು. ಬೇಸತ್ತು ಎಲ್ಲ ಕಡೆಯೂ ಳಕಾರವನ್ನೇ ಒತ್ತಿದ್ದರು. ಅನಂತರ ಧ್ವನಿಯನ್ನು ತುಂಬುವಾಗ ಪುಸ್ತಕವನ್ನು ತೆರೆಯದೆ, ಗುರುಗಳ ಪದ್ಧತಿಯಂತೆ, ತಮ್ಮ ಟಿಪ್ಪಣಿಯನ್ನಷ್ಟೇ ನೋಡಿಕೊಂಡರು. ಗುರುಗಳು ಪುಸ್ತಕವನ್ನು ಮುಚ್ಚಿದಾಗ ಒಳಗೆ ಪುಸ್ತಕವಿತ್ತು. ಶಿಷ್ಯರ ಕೈಯಲ್ಲಿದ್ದುದು ತಾವೇ ಕೆಡಿಸಿದ ಹಾಳೆ. ಪಾಮರನಾಗಿದ್ದರೆ ಬಾಳ್ ಎಂದರೆ ಬದುಕೆಂದು ಸರಿಯಾಗಿಯೇ ಹೇಳಿಬಿಡುತ್ತಿದ್ದನು. ಪಾಂಡಿತ್ಯವು ಕತ್ತಿಯನ್ನು ಹುಡುಕಿ ತಂದಿತು.

ಆದರೂ ಮೊದಲು ಅವರ ಮನಸ್ಸು ಒಪ್ಪಲಿಲ್ಲವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಹುಡುಗಿಯ ಪುಸ್ತಕದಲ್ಲಿಯೇ ಅಚ್ಚಿನ ದೋಷವಿರಬಹುದೆಂದು ಅರ್ಧ ದಿನ ಕಳೆದರು. ಸಂಜೆ ಅದೇ ಫೋನಿನಲ್ಲಿ ಇಂಟರ್‌ನೆಟ್ ಆರ್ಕೈವಿನಿಂದ ಕಿಟೆಲರ ನಿಘಂಟನ್ನು ಇಳಿಸಿಕೊಂಡು ನೋಡಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಗ್ರಂಥವು ಕಾಲೇಜಿನ ಬೀಗದೊಳಗೆ ಉಳಿದಿತ್ತು. ಅದರ ಚಿತ್ರರೂಪವು ಮಳೆ ಸುರಿಯುವ ಆ ಮಾಳಿಗೆಗೆ ಬಂದು ಎರಡು ಶಬ್ದಗಳನ್ನೂ ಬೇರೆಬೇರೆಯಾಗಿ ತೋರಿಸಿತು. ಪದ್ಯವನ್ನು ಮತ್ತೆ ಓದಿದರು. ಖಡ್ಗಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಮರುದಿನ ಆರು ಗಂಟೆಯ ಧ್ವನಿಯಲ್ಲಿ ಹೊಸ ಪದ್ಯವಿರಲಿಲ್ಲ: ತಪ್ಪು ಯಾವುದು, ಅದು ಹೇಗಾಯಿತು, ಅದನ್ನು ತೋರಿಸಿದವರು ಯಾರು ಎಂಬುದಷ್ಟೇ ಇದ್ದಿತು. ತಿದ್ದಿದ ಟಿಪ್ಪಣಿಯನ್ನೂ ಕಳುಹಿಸಿದರು. ಅಂದಿನಿಂದ ಗುಂಪಿನಲ್ಲಿ ಪ್ರಶ್ನೆಗಳು ಬರತೊಡಗಿದುವು. ತರಗತಿಯಲ್ಲಿ ಇಪ್ಪತ್ತನಾಲ್ಕು ವರುಷಗಳಲ್ಲಿ ಬಂದುದಕ್ಕಿಂತ ಹೆಚ್ಚಿನ ಪ್ರಶ್ನೆಗಳು ಎರಡು ತಿಂಗಳಲ್ಲಿ ಬಂದುವೆಂದು ಅವರು ಮಡದಿಯೊಡನೆ ಹೇಳಿದುದುಂಟು. ಸಂತೋಷದ ಮಾತೋ ವಿಷಾದದ್ದೋ ಆಕೆಗೆ ತಿಳಿಯಲಿಲ್ಲ.

ಗುಂಪೆಂದ ಮೇಲೆ ಗದ್ದಲವೂ ಇರುವುದು. ಶುಭೋದಯದ ಹೂವುಗಳು, ರೋಗಕ್ಕೆ ಕಷಾಯಗಳು, ಯಾರೋ ಯಾರಿಗೋ ಕಳುಹಿಸಿದ ಸುಳ್ಳು ಸುದ್ದಿಗಳು ಪದ್ಯಗಳ ನಡುವೆ ತುಂಬಿಕೊಂಡುವು. ಒಂದು ರಾತ್ರಿ ಇಬ್ಬರು ಹುಡುಗರು ಚಲನಚಿತ್ರ ನಟರ ವಿಷಯದಲ್ಲಿ ಕಿತ್ತಾಡಿದರು. ಅಡ್ಮಿನ್ ಮಾತ್ರ ಬರೆಯಬಹುದೆಂಬ ಏರ್ಪಾಡು ವಾಟ್ಸಾಪಿನಲ್ಲಿ ಇದೆ. ಅಧ್ಯಾಪಕರು ಕೋಪದಿಂದ ಅದನ್ನು ಹಾಕಿ, ಪ್ರಶ್ನೆಯಿದ್ದವರು ತಮಗೆ ಪ್ರತ್ಯೇಕವಾಗಿ ಬರೆಯಬಹುದೆಂದು ತಿಳಿಸಿದರು. ಗುಂಪು ದೇವಾಲಯದಂತೆ ಶಾಂತವಾಯಿತು. ಹನ್ನೊಂದು ದಿನ ಒಂದು ಪ್ರಶ್ನೆಯೂ ಬರಲಿಲ್ಲ. ಹುಡುಗರಾದರೂ ಒಬ್ಬಿಬ್ಬರು ಬರೆದರು. ಹುಡುಗಿಯರು ಒಬ್ಬರೂ ಇಲ್ಲ. ಪಾಠವು ಎಲ್ಲರಿಗೂ ತಿಳಿಯುತ್ತಿದೆಯೆಂದೇ ಅವರು ಭಾವಿಸಿದರು.

ಕಾರಣವನ್ನು ತಿಳಿಸಿದವಳು ಅದೇ ತರಗತಿಯ ಇನ್ನೊಬ್ಬ ಹುಡುಗಿ, ಪೇಟೆಯಲ್ಲಿ ಎದುರಾದಾಗ. "ಸರ್, ಗುಂಪಿನಲ್ಲಿ ಬರೆದರೆ ಅದು ಪಾಠ. ಮನೆಯವರೆಲ್ಲ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅಣ್ಣನ ಫೋನಿನಿಂದ ಮೇಷ್ಟರೊಬ್ಬರಿಗೇ ಬರೆದರೆ ಅದು ಬೇರೆಯಾಗುತ್ತದೆ." ಐವತ್ತು ದಾಟಿದ, ಮಗಳನ್ನು ಹೊರಗೂರಿನಲ್ಲಿ ಓದಿಸಿದ ಮನುಷ್ಯರಿಗೆ ಇಷ್ಟು ಸಣ್ಣ ವಿಷಯವು ಹೊಳೆದಿರಲಿಲ್ಲ. ಮನೆಗೆ ಹೋದೊಡನೆ ಗುಂಪನ್ನು ತೆರೆದಿಟ್ಟರು. ಹೂವುಗಳೂ ಕಷಾಯಗಳೂ ಬಂದರೆ ಬರಲಿ ಎಂದುಕೊಂಡರು. ಮರುದಿನ ಬೆಳಗ್ಗೆ, ಅಣ್ಣನು ಗುಡ್ಡವೇರುವ ಹೊತ್ತಿಗೆ, ಏಳು ಪ್ರಶ್ನೆಗಳು ಒಟ್ಟಿಗೇ ಬಂದುವು.

2020ನೆಯ 17ನೆಯ ನವೆಂಬರಿನಂದು ಕಡೆಯ ವರುಷದವರಿಗೆ ಕಾಲೇಜಿನ ಬಾಗಿಲು ತೆರೆಯಿತು. ಮೋರೆಗಳು ಹಿಂದಿರುಗಿದುವು, ಅರ್ಧ ಮಾಸ್ಕಿನೊಳಗೆ. ಆ ವಿದ್ಯಾರ್ಥಿನಿಯೂ ಬಂದು ಪುಸ್ತಕವನ್ನು ಗ್ರಂಥಾಲಯಕ್ಕೆ ಒಪ್ಪಿಸಿ, ಹಿಂದಿನಂತೆಯೇ ಮೂರನೆಯ ಬೆಂಚಿನಲ್ಲಿ ಮಾತಿಲ್ಲದೆ ಕುಳಿತಳು. ರಾತ್ರಿ ಮಾತ್ರ ಬರೆಯುತ್ತಿದ್ದಳು. ಅಧ್ಯಾಪಕರು ಆಕೆಯನ್ನು ಎಬ್ಬಿಸಿ ಕೇಳಲು ಹೋಗಲಿಲ್ಲ.

ಮರುವರುಷ ಎರಡನೆಯ ಅಲೆಯಲ್ಲಿ ಮತ್ತೆ ಬಾಗಿಲು ಮುಚ್ಚಿದಾಗ ಅವರು ನಲವತ್ತು ನಿಮಿಷಗಳ ಪಾಠಗಳನ್ನು ಚಿತ್ರಿಸಿ ಯೂಟ್ಯೂಬಿಗೆ ಹಾಕಿಸಿದರು. ಅಲ್ಲಿ ಪಾಠದ ಒಡೆಯನಿಗೆ ಒಂದು ರೇಖಾಚಿತ್ರವು ಕಾಣಸಿಕ್ಕುವುದು. ನೋಡುವವರು ಯಾವ ನಿಮಿಷದವರೆಗೆ ನಿಂತರು, ಎಲ್ಲಿ ಎದ್ದುಹೋದರು ಎಂಬುದನ್ನು ಅದು ಸೂಚಿಸುವುದು. ಅಧ್ಯಾಪಕರ ರೇಖೆಯು ಐದನೆಯ ನಿಮಿಷದೊಳಗೆ ಕಡಿದಾದ ಘಟ್ಟವನ್ನಿಳಿದು, ಆಮೇಲೆ ನೆಲಕ್ಕಂಟಿ ಹರಿಯುತ್ತಿತ್ತು. ಆ ಐದು ನಿಮಿಷಗಳಲ್ಲಿ ಏನಿತ್ತೆಂದು ತಾವೇ ಕುಳಿತು ನೋಡಿದರು. ಪಂಪನ ಕಾಲ, ದೇಶ, ಆಶ್ರಯದಾತ, 941ನೆಯ ಇಸವಿ: ಪ್ರತಿವರುಷವೂ ಹಾಗೆಯೇ ಮೊದಲುಮಾಡಿದ್ದ ಪೀಠಿಕೆ. ತರಗತಿಯ ಮಕ್ಕಳು ಮರ್ಯಾದೆಯಿಂದ ಕುಳಿತಿರುತ್ತಿದ್ದರು. ಎದ್ದುಹೋಗುವ ಸ್ವಾತಂತ್ರ್ಯವಿದ್ದಿದ್ದರೆ ಎಂದೋ ಹೋಗಿರುತ್ತಿದ್ದರು. ಹಾಗಾದರೆ ಮೋರೆಯೂ ಒಮ್ಮೊಮ್ಮೆ ಸುಳ್ಳು ಹೇಳುವುದು! ಆ ರೇಖೆಯಲ್ಲಿ ಒಂದೇ ಒಂದು ಸಣ್ಣ ಗುಡ್ಡವಿತ್ತು, ಇಪ್ಪತ್ತೆರಡನೆಯ ನಿಮಿಷದಲ್ಲಿ. ಅಲ್ಲಿ ನೋಡುಗರು ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಕೇಳಿದ್ದರು. ಅಲ್ಲಿದ್ದುದು ವ್ಯಾಖ್ಯಾನವಲ್ಲ, ಪದ್ಯದ ಓದು. ಅಂದಿನಿಂದ ಅವರು ತರಗತಿಯಲ್ಲಿಯೂ ಪದ್ಯದಿಂದಲೇ ತೊಡಗುವರು. ಕವಿಯ ಕಾಲದೇಶಗಳು ಕೇಳಿದವರಿಗೆ ಕಡೆಯಲ್ಲಿ.

2022ನೆಯ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಲೋಕಕ್ಕೆ ತೆರೆದುಕೊಂಡ ಮೇಲೆ ಬೇರೊಂದು ಬಗೆಯ ತೊಡಕು ಹುಟ್ಟಿತು. ಮಕ್ಕಳು ಬರೆದೊಪ್ಪಿಸುವ ಪ್ರಬಂಧಗಳು ಇದ್ದಕ್ಕಿದ್ದಂತೆ ನುಣ್ಣಗಾದುವು. ಕಾಗುಣಿತ ತಪ್ಪುತ್ತಿದ್ದವನೂ ಸಮಾಸಗಳನ್ನು ಸರಾಗವಾಗಿ ಬಿಡುತ್ತಿದ್ದನು. ಇದನ್ನು ಹಿಡಿಯಲು ಮತ್ತೊಂದು ಯಂತ್ರವನ್ನು ತರಿಸಬೇಕೆಂದು ಸಹೋದ್ಯೋಗಿಗಳು ಹೇಳಿದರು. ಅಧ್ಯಾಪಕರಿಗೆ ನೆನಪಾದುದು ಶಲಾಕಾಪರೀಕ್ಷೆ. ಪಾಠಶಾಲೆಗಳಲ್ಲಿ ಓದಿದವರೆಲ್ಲ ಇದನ್ನು ಕೇಳಿರುವರು. ಮಿಥಿಲೆಯ ವಿದ್ವಾಂಸರು ಪರೀಕ್ಷೆಗೆ ನಿಂತವನ ಮುಂದೆ ಓಲೆಗರಿಯ ಗ್ರಂಥವನ್ನಿಟ್ಟು, ಅದರೊಳಕ್ಕೆ ಶಲಾಕೆಯನ್ನು, ಎಂದರೆ ಸೂಜಿಯನ್ನು, ಚುಚ್ಚುವರು. ಮೊನೆಯು ಮುಟ್ಟಿದ ಗರಿಯಲ್ಲಿ ಏನಿದೆಯೋ ಅದನ್ನು ಅವನು ವ್ಯಾಖ್ಯಾನಿಸಬೇಕು. ಸಂಸ್ಕೃತ ವಿದ್ಯಾಲಯಗಳ ಸ್ಪರ್ಧೆಗಳಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಅಧ್ಯಾಪಕರು ಅದನ್ನು ಕೊಂಚ ತಿರುವಿದರು. ಪ್ರಬಂಧವನ್ನು ಬರೆದು ತಂದ ವಿದ್ಯಾರ್ಥಿಯನ್ನು ಎದುರು ಕುಳ್ಳಿರಿಸಿಕೊಂಡು, ಅವನದೇ ಹಾಳೆಗಳಲ್ಲಿ ಕಣ್ಣುಮುಚ್ಚಿ ಎಲ್ಲಿಯಾದರೂ ಬೆರಳಿಡುವರು. ಬೆರಳು ತಗಲಿದ ವಾಕ್ಯವನ್ನು ಅವನು ವಿವರಿಸಬೇಕು. ಎಲ್ಲಿಂದ ತಂದೆಯೆಂಬ ವಿಚಾರಣೆಯಿಲ್ಲ. ಯಂತ್ರದಿಂದ ತಂದುದನ್ನು ಅರಗಿಸಿಕೊಂಡಿದ್ದರೆ ಅಂಕವುಂಟು; ಅರಗದಿದ್ದರೆ ಸ್ವಂತ ಕೈಯಿಂದ ಬರೆದುದಕ್ಕೂ ಇಲ್ಲ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಅರುವತ್ತು ಮಂದಿಗೆ ಹತ್ತು ಗಂಟೆ. ಈ ಹತ್ತು ಗಂಟೆಗಳು ಯಾವ ವೇಳಾಪಟ್ಟಿಯಲ್ಲಿಯೂ ಇರಲಿಲ್ಲ. ಸಂಜೆಯ ಬಸ್ಸು ಬರುವವರೆಗೆ ಕಾಯುತ್ತಿದ್ದ ಮಕ್ಕಳೊಡನೆ ವರಾಂಡದಲ್ಲಿ ಕುಳಿತು ಮುಗಿಸುತ್ತಿದ್ದರು.

2023ನೆಯ ಒಂದು ಸಂಜೆ ಹೀಗೆ ಒಬ್ಬ ಹುಡುಗನ ಪ್ರಬಂಧದ ಮೇಲೆ ಬೆರಳಿಟ್ಟು ಕಣ್ಣುತೆರೆದರು. ಕರ್ಣನ ಪ್ರಸಂಗವೇ. ಬೆರಳ ಕೆಳಗೆ 'ಬಾಳ್' ಎಂಬ ಶಬ್ದವಿತ್ತು, ಈಗಿನ ಕನ್ನಡದ ಬಾಳು, ಎಂದರೆ ಜೀವನ, ಎಂದು ಇದನ್ನು ಭ್ರಮಿಸಕೂಡದೆಂಬ ಎಚ್ಚರಿಕೆಯಿತ್ತು, ಖಡ್ಗವೆಂಬ ಅರ್ಥವಿತ್ತು.

"ಇದನ್ನು ಯಾವ ಯಂತ್ರ ಹೇಳಿತು?" ಎಂದು, ತಾವೇ ಮಾಡಿಕೊಂಡ ನಿಯಮವನ್ನು ಮೀರಿ ಕೇಳಿದರು.

"ಯಂತ್ರ ಅಲ್ಲ ಸರ್, ಪಿ.ಡಿ.ಎಫ್. ಬಯಲುಸೀಮೆಯ ಕಾಲೇಜಿನಲ್ಲಿ ಓದುವ ನನ್ನ ಚಿಕ್ಕಪ್ಪನ ಮಗ ಕಳುಹಿಸಿದ. ಅವರ ಗುಂಪಿನಲ್ಲಿ ಎಲ್ಲರ ಹತ್ತಿರವೂ ಇದೆಯಂತೆ." ಹುಡುಗನು ಫೋನನ್ನು ತೆರೆದು ತೋರಿಸಿದನು. ನಾಲ್ಕು ಪುಟದ ಟಿಪ್ಪಣಿ. ಬರೆದವರ ಹೆಸರು ಎಲ್ಲಿಯೂ ಇರಲಿಲ್ಲ; ಮೇಲೆ ಯಾವುದೋ ಪರೀಕ್ಷಾ ತರಬೇತಿಯ ಮುದ್ರೆಯನ್ನು ಯಾರೋ ಒತ್ತಿದ್ದರು. ಮೂರು ವರುಷಗಳ ಹಿಂದೆ ಮಾಳಿಗೆಯಲ್ಲಿ ತಾವು ಒತ್ತಿದ ಒಂದೊಂದು ಳಕಾರವನ್ನೂ ಅಧ್ಯಾಪಕರು ಗುರುತಿಸಿದರು. ತರಗತಿಯಲ್ಲಿ ಆಡಿದ ತಪ್ಪು ಗಂಟೆ ಹೊಡೆದೊಡನೆ ಹಲಗೆಯಿಂದ ಅಳಿಸಿಹೋಗುತ್ತಿತ್ತು. ಈ ತಪ್ಪು ತಾನಾಗಿ ಊರೂರು ತಿರುಗಿ, ಪೋಷಾಕು ಬದಲಿಸಿಕೊಂಡು ಬಂದಿತ್ತು. ಅದರ ಬೆನ್ನಿಗೇ ಹೊರಟ ತಿದ್ದುಪಡಿಯು ಅರುವತ್ತೊಂದು ಮಂದಿಯ ಗುಂಪನ್ನು ದಾಟಿ ಹೋಗಿರಲಿಲ್ಲ.

ಹುಡುಗನಿಗೆ ಅಂಕವೆಷ್ಟು ಕೊಡಬೇಕೆಂಬುದು ಅವರಿಗೆ ತಿಳಿಯಲಿಲ್ಲ; ಅವನು ಟಿಪ್ಪಣಿಯನ್ನು ನಂಬಿ, ಅರ್ಥಮಾಡಿಕೊಂಡು, ತಪ್ಪಿಲ್ಲದೆ ತಪ್ಪನ್ನು ವಿವರಿಸಿದ್ದನು. ತಮ್ಮ ಫೋನನ್ನು ತೆಗೆದು 2020ನೆಯ ಜುಲೈ ತಿಂಗಳವರೆಗೆ ಹಿಂದಕ್ಕೆ ಸರಿಸಿದರು. ಪುಟದ ಚಿತ್ರವು ಹಾಗೆಯೇ ಇದ್ದಿತು, ೞಕಾರದ ಮೇಲಿನ ಬೆರಳ ತುದಿಯೊಡನೆ. ಹುಡುಗನು ಬಾಗಿ ನೋಡಿ, ಎರಡು ಸಲ ಓದಿ, ಪದ್ಯವನ್ನು ತಾನೇ ಬಿಡಿಸಿ ಅರ್ಥ ಹೇಳಿದನು. ಆಮೇಲೆ ಕೇಳಿದನು:

"ಸರ್, ಇದನ್ನು ಅವರ ಗುಂಪಿಗೂ ಕಳುಹಿಸಲೆ? ಆ ಪಿ.ಡಿ.ಎಫ್. ಬರೆದ ಮೇಷ್ಟರು ಯಾರೋ ಗೊತ್ತಿಲ್ಲ. ಅವರಿಗೆ ಬೇಸರವಾದರೆ?"

"ಕಳುಹಿಸು" ಎಂದರು ಅಧ್ಯಾಪಕರು. "ಬರೆದವರು ಯಾರೆಂದು ಕೇಳಿದರೆ ನನ್ನ ಹೆಸರು ಹೇಳು. ತಿದ್ದಿದವರು ಯಾರೆಂದು ಕೇಳಿದರೆ ಈ ಹೆಸರು ಹೇಳು" ಎಂದು, ಚಿತ್ರದ ಕೆಳಗಿದ್ದ ಹೆಸರನ್ನು ತೋರಿಸಿದರು.